ಬಚ್ಚಲ ಕಿಂಡಿಯ ಒಪ್ಪಂದ

ಗಾನವಿಗೆ ಮಾತ್ರೆ ಶುರುವಾಗಿ ಐದು ದಿನ ಕಳೆಯುವಷ್ಟರಲ್ಲಿ, ಮಾಯಣ್ಣನ ಮನೆಯಲ್ಲಿ ತಿನ್ನುವಂಥ ಯಾವ ಪದಾರ್ಥವೂ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮೂರು ದೋಸೆ, ಒಂಬತ್ತಕ್ಕೆ ಅರ್ಧ ಮುದ್ದೆ, ಹತ್ತೂವರೆಗೆ ಬಾಳೆಹಣ್ಣು, ಹನ್ನೊಂದಕ್ಕೆ ಮತ್ತೆ ‘ಅಜ್ಜೀ, ಹೊಟ್ಟೆ ಹಸೀತೈತೆ’. ಆರು ವರ್ಷದ, ಹದಿನೆಂಟು ಕೆಜಿಯ ಹುಡುಗಿ ಇಷ್ಟನ್ನೂ ಎಲ್ಲಿ ತುಂಬಿಕೊಳ್ಳುತ್ತಾಳೋ ಎಂದು ಅಜ್ಜಿ ಹೊಂಬಾಳಮ್ಮ ಬೆರಗಾಗಿದ್ದಳು. ಅದೇ ಬೀದಿಯ ಪುಟ್ಟಗಂಗಮ್ಮನ ಮನೆಯಲ್ಲಿ ಒಂದು ರೊಟ್ಟಿ, ಅದರ ಪಕ್ಕದ ಮನೆಯಲ್ಲಿ ‘ನಮ್ಮನೇಲಿ ಇನ್ನೂ ಒಲೇನೇ ಹಚ್ಚಿಲ್ಲ’ ಎಂದು ಹೇಳಿ ಒಂದು ತಟ್ಟೆ ಉಪ್ಪಿಟ್ಟು ಹೊಡೆದುಕೊಂಡು ಬಂದ ಸುದ್ದಿ ಗೊತ್ತಾದ ಮೇಲಂತೂ ಅವಳು ಹಣೆ ಚಚ್ಚಿಕೊಂಡಳು.

“ಮಾತ್ರೆ ಗುಣ ಅದು ಅತ್ತೆ,” ಅಂದಳು ಸೊಸೆ ಭವ್ಯಶ್ರೀ. “ಸ್ಟೀರಾಯ್ಡು. ಹಸಿವು ಜಾಸ್ತಿ ಆಗುತ್ತೆ, ಮುಖ ದುಂಡಗಾಗುತ್ತೆ, ಹಟ ಹೆಚ್ಚುತ್ತೆ ಅಂತ ಡಾಕ್ಟ್ರು ಮೊದ್ಲೇ ಹೇಳಿದ್ರು.”

“ಹಟ ಮಾತ್ರೆಯಿಂದ ಬಂದಿದ್ದಲ್ಲ ಬುಡು,” ಎಂದು ಹೊಂಬಾಳಮ್ಮ ಜಗಲಿಯ ಮೇಲೆ ಕೂತಿದ್ದ ಗಂಡನ ಕಡೆ ನೋಡಿದಳು. “ಅದು ಬಂದಿರೋದು ಎಲ್ಲಿಂದ ಅಂತ ನಂಗೊತ್ತು.”

ಮಾಯಣ್ಣ ಕೇಳಿಸದವನಂತೆ ಅಂಗಿಯ ಜೇಬಿನಿಂದ ಒಂದು ಚೂರು ಬೆಲ್ಲ, ಒಂದು ತುಂಡು ಕೊಬ್ಬರಿ ತೆಗೆದು ಬಾಯಿಗೆ ಹಾಕಿಕೊಂಡ. ದಬ್ಬೇಘಟ್ಟದಿಂದ ಮೂರು ಕಿಲೋಮೀಟರ್ ಒಳಗಿನ ಆ ಊರಿನಲ್ಲಿ ಅವನಿಗೆ ಮೂರೆಕರೆ ತೆಂಗಿನ ತೋಟ, ಎರಡು ಹಸು, ಮತ್ತು ಅರವತ್ತೇಳು ವರ್ಷಕ್ಕೂ ಒಂದೇ ಒಂದು ಸಲ ಸೂಜಿ ಚುಚ್ಚಿಸಿಕೊಂಡಿಲ್ಲ ಎಂಬ ಹೆಮ್ಮೆ ಇತ್ತು. ಆ ಹೆಮ್ಮೆಯನ್ನು ಅವನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಿದ್ದ. ಈಚೆಗೆ ಬಾಯಾರಿಕೆ ಸ್ವಲ್ಪ ಜಾಸ್ತಿಯಾಗಿತ್ತು, ಗಳಿಗೆಗೊಮ್ಮೆ ತೋಟದ ಬದುವಿಗೆ ಹೋಗಬೇಕಾಗುತ್ತಿತ್ತು. ಬಿಸಿಲು ಹಾಗಿದೆ ಎಂದುಕೊಂಡು ಸುಮ್ಮನಿದ್ದ.

ಮೊಮ್ಮಗಳ ಕಾಯಿಲೆ ಅವನಿಗೆ ಅರ್ಥವಾಗಿದ್ದೇ ಅಷ್ಟಕ್ಕಷ್ಟೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಾನವಿಯ ಕಣ್ಣು ಊದಿಕೊಂಡಿತ್ತು. ಯಾವುದೋ ಹುಳ ಕಚ್ಚಿದೆ ಎಂದು ಹೊಂಬಾಳಮ್ಮ ಅರಿಶಿನ ಹಚ್ಚಿದಳು. ಮೂರನೇ ದಿನಕ್ಕೆ ಕಾಲು ಊದಿತು, ಹೊಟ್ಟೆ ಊದಿತು, ಚಡ್ಡಿಯ ಲಾಡಿ ಸೊಂಟದಲ್ಲಿ ಗೆರೆ ಕೊರೆಯಿತು. ತಿಪಟೂರಿನ ಮಕ್ಕಳ ಡಾಕ್ಟರು ಶಾಂತಕುಮಾರಿ ಪರೀಕ್ಷೆ ಮಾಡಿಸಿ, ಕಿಡ್ನಿಯೊಳಗಿನ ಜರಡಿ ಸಡಿಲವಾಗಿ ಮೈಯಲ್ಲಿ ಉಳಿಯಬೇಕಾದ ಪ್ರೋಟೀನು ಉಚ್ಚೆಯಲ್ಲಿ ಸೋರಿಹೋಗುತ್ತಿದೆ, ಅದಕ್ಕೇ ನೀರು ಮೈಯಲ್ಲಿ ನಿಲ್ಲುತ್ತಿದೆ ಎಂದರು. ಆಗ ಮೂರು ತಿಂಗಳು ಮಾತ್ರೆ ನುಂಗಿ ಹುಡುಗಿ ಚೆನ್ನಾಗಿಯೇ ಆದಳು. ಈ ಸಲ ಒಂದು ನೆಗಡಿ ಬಂದು ಹೋಗಿದ್ದೇ ನೆಪ, ಮತ್ತೆ ಸೋರಿಕೆ. ಮತ್ತೆ ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಬಾಳೆಹಣ್ಣಿನಲ್ಲಿ ಹುದುಗಿಸಿದ ಕಹಿ ಮಾತ್ರೆ. ಮತ್ತೆ ಉಪ್ಪಿಲ್ಲದ ಸಾರು.

ದಿನಾ ಎದ್ದ ತಕ್ಷಣ ಒಂದು ಪರೀಕ್ಷೆಯೂ ಇತ್ತು. ಭವ್ಯಶ್ರೀ ಮಗಳ ಕೈಗೆ ಪುಟ್ಟದೊಂದು ಪ್ಲಾಸ್ಟಿಕ್ ಲೋಟ ಕೊಡುವಳು. ಗಾನವಿ ಹಿತ್ತಿಲ ಬಚ್ಚಲಿಗೆ ಹೋಗಿ ಉಚ್ಚೆ ತುಂಬಿಸಿ ತರುವಳು. ಅದರಲ್ಲಿ ಒಂದು ಕಾಗದದ ಪಟ್ಟಿಯನ್ನು ಅದ್ದಿದರೆ ತುದಿಯ ಚೌಕ ಹಳದಿಯಾಗಿಯೇ ಉಳಿಯಬೇಕು. ಹಸಿರಿಗೆ ತಿರುಗಿದರೆ ಪ್ರೋಟೀನು ಸೋರುತ್ತಿದೆ ಎಂದು ಅರ್ಥ. ಎಷ್ಟು ಹಸಿರೋ ಅಷ್ಟು ಪ್ಲಸ್ಸು. ಡಬ್ಬಿಯ ಮೇಲಿನ ಬಣ್ಣದ ಸಾಲಿಗೆ ಹಿಡಿದು ನೋಡಿ ಭವ್ಯಶ್ರೀ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವಳು. ಮೂರು ಪ್ಲಸ್, ಮೂರು ಪ್ಲಸ್, ಎರಡು ಪ್ಲಸ್. ಮೂರು ದಿನ ಒಂದೇ ಸಮನೆ ಹಳದಿ, ಅಂದರೆ ‘ನಿಲ್’ ಬಂದರೆ ಮಾತ್ರೆ ದಿನ ಬಿಟ್ಟು ದಿನವಾಗುತ್ತದೆ, ಉಪ್ಪೂ ವಾಪಸು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಾನವಿಗೆ ಆ ಮಾತಿನಲ್ಲಿ ಕೇಳಿಸಿದ್ದು ‘ಉಪ್ಪು’ ಎಂಬುದೊಂದೇ.

ಮಾಯಣ್ಣ ಸಿಕ್ಕಿಬಿದ್ದಿದ್ದು ಆರನೇ ದಿನ. ಕೊಬ್ಬರಿ ಅಟ್ಟದ ಏಣಿಯ ಕೆಳಗೆ ಕೂತು ಹುಡುಗಿ ಅಳುತ್ತಿದ್ದಳು. ಕೆನ್ನೆ ಉಬ್ಬಿಕೊಂಡು ಮುಖ ಹುಣ್ಣಿಮೆಯ ಚಂದ್ರನಾಗಿತ್ತು, ಆ ದುಂಡು ಮುಖದಲ್ಲಿ ಕಣ್ಣೀರು ಎಲ್ಲಿ ಇಳಿಯಬೇಕೆಂದು ತಿಳಿಯದೆ ಕೆನ್ನೆಯ ಮೇಲೇ ನಿಂತಿತ್ತು. “ತಾತ, ಸಪ್ಪೆ ಸಾರು ತಿಂದೂ ತಿಂದೂ ನನ್ನ ನಾಲಿಗೆ ಸತ್ತೋಗೈತೆ.” ಮಾಯಣ್ಣ ದಬ್ಬೇಘಟ್ಟಕ್ಕೆ ಹೋಗಿ ಖಾರದ ಮಿಕ್ಸ್ಚರಿನ ಪ್ಯಾಕೆಟ್ಟು ತಂದು, ಒಂದು ಹಿಡಿ ಮಾತ್ರ ಎಂದು ಕೈಗಿಟ್ಟ. ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಪ್ಯಾಕೆಟ್ಟು ಖಾಲಿಯಾಗಿತ್ತು.

ಮಾರನೆಯ ಬೆಳಿಗ್ಗೆ ಗಾನವಿಯ ಕಣ್ಣು ತೆರೆಯದಷ್ಟು ಊದಿದ್ದವು. ಅಕ್ಕಪಕ್ಕದ ಮನೆಯವರಿಗೆ ಏನೂ ಕೊಡಬೇಡಿ ಎಂದು ಹೇಳಿಟ್ಟ ಮೇಲೂ ಎಲ್ಲಿ ತಪ್ಪಾಯಿತು ಎಂದು ಭವ್ಯಶ್ರೀ ಅಡುಗೆಮನೆಯ ಒಂದೊಂದೇ ಡಬ್ಬಿ ಮೂಸಿ ನೋಡಿದಳು. ಮಾಯಣ್ಣ ಹಸುವಿನ ಮೈ ತೊಳೆಯಲು ಹೋದ.

ಅಲ್ಲಿಗೇ ಹುಡುಕಿಕೊಂಡು ಬಂದಳು ಗಾನವಿ. ಸುತ್ತ ನೋಡಿ, ಲಂಗದ ಜೇಬಿನಿಂದ ನೀಟಾಗಿ ಮಡಿಸಿದ ಮಿಕ್ಸ್ಚರಿನ ಖಾಲಿ ಪ್ಯಾಕೆಟ್ಟನ್ನು ಅರ್ಧ ಹೊರಗೆ ತೆಗೆದು ತೋರಿಸಿ ಮತ್ತೆ ಒಳಗಿಟ್ಟಳು.

“ಅಯ್ಯೋ, ಅದನ್ನ ಯಾಕೆ ಮಡಗಿದೀಯವ್ವ? ತಿಪ್ಪೆಗೆ ಎಸಿ.”

“ಅಮ್ಮಂಗೆ ತೋರಿಸ್ಲಾ?”

ಮಾಯಣ್ಣ ಬಕೆಟ್ಟು ಕೆಳಗಿಟ್ಟ. “ಏನು ಬೇಕು ಹೇಳು.”

ಅವಳಿಗೆ ಬೇಕಾಗಿದ್ದದ್ದು ಬೇರೇನೂ ಅಲ್ಲ, ‘ನಿಲ್’. ಹಿಂದಿನ ದಿನವೇ ತಾನೊಬ್ಬಳೇ ಒಂದು ಪ್ರಯತ್ನ ಮಾಡಿದ್ದಳಂತೆ. ಲೋಟಕ್ಕೆ ನಲ್ಲಿ ನೀರು ಹಿಡಿದುಕೊಂಡು ಹೋಗಿದ್ದಳು. ಅಮ್ಮ ಲೋಟ ಮುಟ್ಟಿ ನೋಡಿ, ‘ಇದು ತಣ್ಣಗೈತಲ್ಲೇ’ ಎಂದು ಕಿವಿ ಹಿಂಡಿ ವಾಪಸು ಕಳಿಸಿದ್ದಳು.

“ಬಿಸಿನೀರು ಹಾಕ್ಬೋದು,” ಅಂದ ಮಾಯಣ್ಣ, ತನಗೇ ತಿಳಿಯದಂತೆ ವಿಷಯದೊಳಗೆ ಇಳಿಯುತ್ತ.

“ಬಣ್ಣ ಇರಾಕಿಲ್ಲ ತಾತ.”

“ಎಳನೀರು?”

“ಅಮ್ಮಂಗೆ ವಾಸ್ನೆ ಗೊತ್ತಾಯ್ತದೆ. ಉಚ್ಚೇನೇ ಬೇಕು. ಕಾಯ್ಲೆ ಇಲ್ದೋರದ್ದು.” ಗಾನವಿ ತಾತನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನೀನು ಒಂದು ಸಲಾನೂ ಸೂಜಿ ಚುಚ್ಚಿಸ್ಕಂಡಿಲ್ಲ ಅಲ್ವಾ?”

ಆ ಮಾತಿಗೆ ಮಾಯಣ್ಣ ಸೋತುಹೋದ. ತನ್ನ ಮೈಯ ಬಗ್ಗೆ ಇಷ್ಟು ನಂಬಿಕೆ ಇಟ್ಟು ಈ ಮನೆಯಲ್ಲಿ ಯಾರೂ ಮಾತಾಡಿದವರಿರಲಿಲ್ಲ. ಆದರೂ ಒಂದು ಸಲ ಎಳೆದಾಡಿದ. “ಮಾತ್ರೆ ಕಮ್ಮಿಯಾದ್ರೆ ನಿಂಗೇ ತೊಂದ್ರೆ ಕಣವ್ವ.”

“ಹೋದ ಸಲ ತಾನಾಗೇ ವಾಸಿಯಾಯ್ತಲ್ಲ. ಮಾತ್ರೆ ಬಿಟ್ಟ ಮೇಲೆ ಚೆನ್ನಾಗೇ ಇದ್ನಲ್ಲ.”

ಈ ತರ್ಕದಲ್ಲಿ ಏನೋ ತಪ್ಪಿದೆ ಎಂದು ಮಾಯಣ್ಣನಿಗೆ ಅನ್ನಿಸಿತು. ಎಲ್ಲಿ ತಪ್ಪಿದೆ ಎಂದು ಹುಡುಕುವಷ್ಟರಲ್ಲಿ ಅವಳು ಮತ್ತೆ ಜೇಬಿಗೆ ಕೈಹಾಕಿದ್ದಳು. “ಮೂರೇ ದಿನ ತಾತ.”

ಬಚ್ಚಲಿನ ಹಿಂದಿನ ಗೋಡೆಯಲ್ಲಿ ಹೊಗೆ ಹೋಗಲೆಂದು ಬಿಟ್ಟ ಒಂದು ಕಿಂಡಿ ಇತ್ತು, ಒಂದು ಇಟ್ಟಿಗೆಯಷ್ಟು ಅಗಲ. ಒಳಗಿನಿಂದ ಗಾನವಿ ನೀರು ಕಾಯಿಸುವ ಹಂಡೆಯ ಕಟ್ಟೆ ಹತ್ತಿದರೆ ಕೈ ಎಟುಕುತ್ತಿತ್ತು. ಹೊರಗೆ ಬಾಳೆಗಿಡದ ಮರೆ. ಮರುದಿನ ಬೆಳಿಗ್ಗೆ ಆರಕ್ಕೆ, ತೊಳೆದ ಒಂದು ಕರಟ ಹಿಡಿದು ಮಾಯಣ್ಣ ಬಾಳೆಯ ಮರೆಯಲ್ಲಿ ನಿಂತ. ಅರವತ್ತೇಳು ವರ್ಷ ಬಾಳಿದ ಮನುಷ್ಯ ತನ್ನ ಮನೆಯ ಹಿತ್ತಿಲಲ್ಲಿ ಕಳ್ಳನ ಹಾಗೆ ಬಗ್ಗಿ ನಿಂತದ್ದು ಅದೇ ಮೊದಲು. ಒಳಗಿನಿಂದ ಗಾನವಿ ಎರಡು ಸಲ ಕೆಮ್ಮಿದಳು. ಅದೇ ಸಂಜ್ಞೆ. ಕರಟ ಕಿಂಡಿಯಲ್ಲಿ ಒಳಗೆ ಹೋಯಿತು, ಖಾಲಿಯಾಗಿ ಹೊರಗೆ ಬಂತು.

ಅವನು ಸುತ್ತಿ ಬಳಸಿ, ತೋಟದಿಂದ ಬರುವವನಂತೆ ಮುಂಬಾಗಿಲಿಗೆ ಬಂದಾಗ ಭವ್ಯಶ್ರೀ ಕಿಟಕಿಯ ಬೆಳಕಿಗೆ ಪಟ್ಟಿ ಹಿಡಿದು ನಿಂತಿದ್ದಳು. ತಿರುಗಿಸಿ ನೋಡಿದಳು, ಡಬ್ಬಿಗೆ ಹಿಡಿದು ನೋಡಿದಳು. ತುದಿ ನಿಂಬೆಹಣ್ಣಿನಷ್ಟು ಹಳದಿ.

“ಅತ್ತೆ,” ಅಂದಳು ಮೆಲ್ಲಗೆ. “ನಿಲ್ ಬಂತು ಅತ್ತೆ.”

ಅಷ್ಟು ಹೇಳಿ ಅವಳು ಅಡುಗೆಮನೆಯ ಮೂಲೆಗೆ ಹೋಗಿ ಗೋಡೆಗೆ ಮುಖಮಾಡಿ ನಿಂತಳು. ಭುಜ ಅಲುಗುತ್ತಿದ್ದವು. ತುಮಕೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕಿದ್ದು ಶನಿವಾರಕ್ಕೊಮ್ಮೆ ಬರುವ ಗಂಡ ಮೋಹನ್ ಕುಮಾರನಿಗೆ ಆಮೇಲೆ ಫೋನು ಮಾಡಿದಾಗಲೂ ಅವಳ ದನಿ ಸರಿಹೋಗಿರಲಿಲ್ಲ. ಹೊಂಬಾಳಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಗಾನವಿ ಮಾತ್ರ ನಾಲ್ಕನೇ ದೋಸೆ ಮುರಿಯುತ್ತ ತಾತನ ಕಡೆ ಒಂದು ಕಣ್ಣು ಮಿಟುಕಿಸಿದಳು. ಇನ್ನೂ ಊತ ಪೂರ್ತಿ ಇಳಿಯದ ಕಣ್ಣು, ಮಿಟುಕಿಸಿದ್ದಕ್ಕೂ ಮಿಟುಕಿಸದೆ ಇದ್ದದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಮಾಯಣ್ಣನಿಗೆ ಆ ದಿನ ಬೆಲ್ಲ ರುಚಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ, ಸೊಸೆ ತನ್ನ ತಟ್ಟೆಗೆ ಮಗಳ ಸಪ್ಪೆ ಸಾರಿನ ಪಾತ್ರೆಯಿಂದಲೇ ಬಡಿಸಿಕೊಳ್ಳುವುದನ್ನು ನೋಡಿದ. “ಅವಳು ಯಾವಾಗಿಂದ ಅದನ್ನ ಉಣ್ತಾವ್ಳೆ?” ಎಂದು ಹೆಂಡತಿಯನ್ನು ಕೇಳಿದ. “ಮೊದಲನೇ ದಿನದಿಂದ. ನಿಮಗೆ ಈಗ ಕಾಣ್ತಾ?” ಅಂದಳು ಹೊಂಬಾಳಮ್ಮ.

ಸಂಜೆ ಮೊಮ್ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಹೇಳಿದ. “ಸಾಕು ಕಣವ್ವ. ನಿಮ್ಮಮ್ಮ ಅಳ್ತಾಳೆ.”

“ಖುಷಿಗೆ ಅಳ್ತಾಳೆ ತಾತ. ಬೇಜಾರಿಗೆ ಅಳೋದು ಬೇರೆ ಥರ. ಮೂಗು ಕೆಂಪಗಾಯ್ತದೆ.”

“ಆದ್ರೂ ಬ್ಯಾಡ.”

ಗಾನವಿ ಲಂಗದ ಜೇಬು ಮುಟ್ಟಿಕೊಂಡಳು, ಅಷ್ಟೆ.

ಎರಡನೇ ದಿನ ಕಟ್ಟೆಯ ಮೇಲೆ ಕಾಲು ಜಾರಿ ಕರಟ ಮಗುಚಿತು. “ತಾತ, ಚೆಲ್ಲೋಯ್ತು,” ಎಂದು ಕಿಂಡಿಯಲ್ಲಿ ಪಿಸುಮಾತು ಬಂತು. ಬೇರೆ ಯಾರಾದರೂ ಆಗಿದ್ದರೆ ಒಪ್ಪಂದ ಅಲ್ಲಿಗೇ ಮುರಿಯುತ್ತಿತ್ತು. ಮಾಯಣ್ಣನಿಗೆ ಅದೊಂದು ಕಷ್ಟವೇ ಆಗಲಿಲ್ಲ, ಎರಡು ನಿಮಿಷದಲ್ಲಿ ಇನ್ನೊಂದು ಕರಟ ತುಂಬಿತು. ಆ ಸಾಮರ್ಥ್ಯದ ಬಗ್ಗೆಯೂ ಅವನಿಗೆ ಒಳಗೊಳಗೇ ಹೆಮ್ಮೆ ಅನ್ನಿಸಿತು. ಕ್ಯಾಲೆಂಡರಿನಲ್ಲಿ ಎರಡನೇ ‘ನಿಲ್’ ಬಿತ್ತು.

ಮೂರನೇ ದಿನವೂ ಬಿತ್ತು. ಭವ್ಯಶ್ರೀ ಪಟ್ಟಿಯನ್ನು ಬಿಳಿ ಕಾಗದದ ಮೇಲಿಟ್ಟು ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಿದಳು. ಹೊಂಬಾಳಮ್ಮ ಅವರೆಕಾಳು ಹುಳಿಗೆ ಮಸಾಲೆ ರುಬ್ಬಲು ಶುರುಮಾಡಿದಳು. ಗಾನವಿ ಉಪ್ಪಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಹೊಸಿಲ ಮೇಲೆ ಕೂತಳು.

ಹತ್ತು ನಿಮಿಷಕ್ಕೆ ಫೋನು ಬಂತು.

“ಭವ್ಯಶ್ರೀ, ಪಟ್ಟಿಯಲ್ಲಿ ಎರಡು ಚೌಕ ಇದೆಯಲ್ಲ,” ಎಂದರು ಡಾಕ್ಟರು. “ಪ್ರೋಟೀನಿಂದು ಸರಿ. ಪಕ್ಕದ್ದು ನೋಡಿದ್ರಾ?”

ಪಕ್ಕದ್ದು ಮೊದಲು ತಿಳಿನೀಲಿ ಇತ್ತೆಂದು ಭವ್ಯಶ್ರೀಗೆ ನೆನಪಿತ್ತು. ಈಗ ಅದು ಕಾಫಿ ಪುಡಿಯ ಬಣ್ಣಕ್ಕೆ ತಿರುಗಿತ್ತು. ಪ್ರೋಟೀನಿನ ಚೌಕ ನೋಡುವ ಸಡಗರದಲ್ಲಿ ಮೂರು ದಿನವೂ ಅವಳ ಕಣ್ಣು ಅತ್ತ ಹೋಗಿರಲಿಲ್ಲ.

“ಅದು ಸಕ್ಕರೆಯದ್ದಮ್ಮ. ಮಗು ಉಚ್ಚೆಯಲ್ಲಿ ಸಕ್ಕರೆ ಬಹಳ ಹೋಗ್ತಿದೆ. ಸ್ಟೀರಾಯ್ಡಿನಿಂದ ಕೆಲವು ಮಕ್ಕಳಿಗೆ ಹಂಗಾಗುತ್ತೆ. ಹೆದರ್ಕೋಬೇಡಿ, ಆದ್ರೆ ತಡ ಮಾಡದೆ ಈಗಲೇ ಕರ್ಕೊಂಡು ಬನ್ನಿ.”

ಫೋನಿಟ್ಟ ಭವ್ಯಶ್ರೀಯ ಮೂಗು ಕೆಂಪಗಾಯಿತು.

ತಿಪಟೂರಿನ ಬಸ್ಸಿನಲ್ಲಿ ಮಾಯಣ್ಣ ಅವರಿಬ್ಬರ ಹಿಂದಿನ ಸೀಟಿನಲ್ಲಿ ಕೂತಿದ್ದ. ಯಾರೂ ಬಾ ಎಂದಿರಲಿಲ್ಲ, ಬರಬೇಡ ಎಂದೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತವನು ಮಾತಿಗೆಳೆದರೂ ಈ ಸಲ ಸೂಜಿಯ ವಿಷಯ ಅವನ ಬಾಯಿಗೆ ಬರಲಿಲ್ಲ. ಸಕ್ಕರೆ ಎಲ್ಲಿಂದ ಬಂತು ಎಂದು ದಾರಿಯುದ್ದಕ್ಕೂ ಯೋಚಿಸಿದ. ಕೊನೆಗೆ ಹೊಳೆಯಿತು. ಕರಟ. ಒಳ್ಳೆ ಬಲಿತ ಕಾಯಿಯ ಕರಟ, ಎಷ್ಟು ತೊಳೆದರೂ ಸಿಹಿ ಅಂಟಿಕೊಂಡೇ ಇರುತ್ತದೆ. ಅಷ್ಟೆ. ಇದನ್ನು ಹೇಗಾದರೂ ಡಾಕ್ಟರ ಕಿವಿಗೆ ಹಾಕಿದರೆ ಮುಗಿಯಿತು, ಆದರೆ ಕರಟದ ಮಾತು ಬಂದರೆ ಉಳಿದದ್ದೂ ಬರುತ್ತದೆ. ಮುಂದಿನ ಸೀಟಿನಲ್ಲಿ ಭವ್ಯಶ್ರೀ ಮಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಗಾನವಿ ಅಮ್ಮನ ಹೆಗಲ ಮೇಲಿನಿಂದ ತಾತನನ್ನೇ ನೋಡುತ್ತಿದ್ದಳು. ಈಗ ಅವಳು ಜೇಬು ಮುಟ್ಟಿಕೊಳ್ಳುತ್ತಿರಲಿಲ್ಲ.

ಡಾಕ್ಟರ್ ಶಾಂತಕುಮಾರಿ ಮೊದಲು ಹುಡುಗಿಯ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದರು. ನೂರಾ ಎರಡು. ಅವರ ಹುಬ್ಬು ಗಂಟಾಯಿತು.

“ರಕ್ತದಲ್ಲಿ ಸಕ್ಕರೆ ಸರಿಯಾಗೇ ಇದೆ. ಹಂಗಿದ್ರೆ ಉಚ್ಚೆಗೆ ಎಲ್ಲಿಂದ ಬಂತು?” ಎಂದು ಲೋಟ ಕೊಟ್ಟರು. “ಹೋಗು ಪುಟ್ಟಿ, ಇನ್ನೊಂದು ಸಲ ಹಿಡ್ಕೊಂಡು ಬಾ.”

ಗಾನವಿ ಲೋಟ ನೋಡಿದಳು, ತಾತನನ್ನು ನೋಡಿದಳು. “ಬರ್ತಾ ಇಲ್ಲ,” ಅಂದಳು. ಅರ್ಧ ಲೀಟರ್ ನೀರು ಕುಡಿಸಿ ಕೂರಿಸಿದ ಮೇಲೆ ಬಂತು. ಹೊಸ ಪಟ್ಟಿಯಲ್ಲಿ ಸಕ್ಕರೆಯ ಚೌಕ ನೀಲಿಯಾಗಿಯೇ ಉಳಿಯಿತು. ಪ್ರೋಟೀನಿನದು ಹಸಿರಾಯಿತು. ಎರಡು ಪ್ಲಸ್.

ಡಾಕ್ಟರು ಫೋನಿನಲ್ಲಿದ್ದ ಬೆಳಗಿನ ಫೋಟೋವನ್ನೂ ಹೊಸ ಪಟ್ಟಿಯನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಬೆಳಿಗ್ಗೆ ಒಂದು, ಈಗ ಇನ್ನೊಂದು. ಕೊನೆಗೆ, ಕಿಡ್ನಿಯದೇ ಬೇರೆ ತೊಂದರೆ ಇರಬಹುದು, ತೋಳಿನಿಂದ ರಕ್ತ ತೆಗೆದು ಕಳಿಸೋಣ, ಬೆಂಗಳೂರಿನ ಕಿಡ್ನಿ ಡಾಕ್ಟರಿಗೂ ತೋರಿಸಬೇಕಾಗಬಹುದು ಎಂದರು. ನರ್ಸು ಗಾನವಿಯ ಸಣ್ಣ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ಸೂಜಿ ತೆಗೆದಳು. ಭವ್ಯಶ್ರೀ ಮಗಳ ಮುಖವನ್ನು ತನ್ನ ಸೀರೆಯಲ್ಲಿ ಮುಚ್ಚಿದಳು.

“ನಿಲ್ಸವ್ವ,” ಅಂದ ಮಾಯಣ್ಣ. ಅವನು ಎದ್ದು ನಿಂತಿದ್ದು ಅವನಿಗೇ ಗೊತ್ತಾಗಿರಲಿಲ್ಲ. “ಚುಚ್ಬ್ಯಾಡ. ಡಾಕ್ಟ್ರಮ್ಮ, ಅದು ನಂದು.”

“ಯಾವುದು ನಿಮ್ಮದು ಯಜಮಾನ್ರೆ?”

“ಬೆಳಿಗ್ಗೆದು. ಆ ಉಚ್ಚೆ.”

ನರ್ಸು ಸೂಜಿ ಹಿಡಿದ ಹಾಗೇ ನಿಂತಳು. ಮಾಯಣ್ಣ ನೆಲ ನೋಡುತ್ತ ಕಿಂಡಿ, ಕರಟ, ಬಾಳೆಗಿಡ ಎಲ್ಲವನ್ನೂ ಹೇಳಿದ. ಮಿಕ್ಸ್ಚರನ್ನು ಬಿಟ್ಟುಬಿಡೋಣ ಎಂದಿದ್ದ, ಆದರೆ ಸೀರೆಯ ಸೆರಗಿನೊಳಗಿನಿಂದ ಗಾನವಿ ತಲೆ ಹೊರಗೆ ಹಾಕಿದಳು.

“ತಾತ ಮೂರು ಸಲ ಅಲ್ಲ, ನಾಕು ಸಲ ಕೊಡ್ತು. ಒಂದು ಸಲ ಚೆಲ್ಲೋಯ್ತು.” ಆಮೇಲೆ ಜೇಬಿನಿಂದ ಪ್ಯಾಕೆಟ್ಟು ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. “ಇದನ್ನ ನಾನೇ ಅತ್ಕಂಡು ತರಿಸ್ಕಂಡೆ. ತಾತಂಗೆ ಬೈಬೇಡಿ.”

ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುತ್ತಿದ್ದರೋ ಸಿಟ್ಟು ನುಂಗುತ್ತಿದ್ದರೋ ಹೇಳುವುದು ಕಷ್ಟವಾಗಿತ್ತು. ಮತ್ತೆ ಕನ್ನಡಕ ಹಾಕಿಕೊಂಡಾಗ ಮುಖ ಗಂಭೀರವಾಗಿತ್ತು.

“ಯಜಮಾನ್ರೆ, ಇವತ್ತು ನಾನು ಆ ಸಕ್ಕರೆ ಚೌಕ ನೋಡದೆ ಇದ್ದಿದ್ರೆ ನಾಳೆಯಿಂದ ಮಾತ್ರೆ ಕಮ್ಮಿ ಮಾಡಿಬಿಡ್ತಿದ್ದೆ. ಈಗ ತಾನೇ ಹಿಡಿತಕ್ಕೆ ಬರ್ತಾ ಇರೋ ಸೋರಿಕೆ ಮತ್ತೆ ಏರೋದು. ಊತದ ಜೊತೆ ಹೊಟ್ಟೆಯಲ್ಲಿ ಸೋಂಕಾದ್ರೆ ಮಗು ಜೀವಕ್ಕೇ ಬರುತ್ತೆ. ಆಟ ಅಲ್ಲ ಇದು.”

“ತಪ್ಪಾಯ್ತು,” ಅಂದ ಮಾಯಣ್ಣ.

“ಸರಿ, ಇನ್ನೊಂದು ವಿಷಯ. ಆ ಸಕ್ಕರೆ ಹಂಗಿದ್ರೆ ಯಾರದು?”

“ಅದು ಕರಟದ್ದು ಡಾಕ್ಟ್ರಮ್ಮ. ಬಲಿತ ಕಾಯಿ. ಸಿಹಿ ಅಂಟ್ಕಂಡಿರ್ತದೆ.”

“ಬಾಯಾರಿಕೆ ಆಗುತ್ತಾ ನಿಮಗೆ?”

“ಬಿಸಿಲಲ್ವಾ.”

“ಎಷ್ಟು ಸಲ ಒಂದಕ್ಕೆ ಹೋಗ್ತೀರಿ?”

ಉತ್ತರ ಕೊಟ್ಟದ್ದು ಗಾನವಿ. “ಕೇಳಿದಾಗೆಲ್ಲ ಬತ್ತದೆ ತಾತಂಗೆ. ಅದ್ಕೇ ನಾನು ತಾತನ್ನ ಆರಿಸ್ಕಂಡಿದ್ದು. ಆ ಬಾಳೆಗಿಡದ ಹತ್ರ ಇರುವೆನೂ ಬತ್ತವೆ.”

ಡಾಕ್ಟರು ನರ್ಸಿಗೆ ಕಣ್ಸನ್ನೆ ಮಾಡಿದರು. ಅರವತ್ತೇಳು ವರ್ಷದ ಹೆಮ್ಮೆಯ ಬೆರಳ ತುದಿಗೆ ಸೂಜಿ ಇಳಿಯಿತು. ಮಾಯಣ್ಣ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಗಾನವಿ ಓಡಿ ಬಂದು ಅವನ ಇನ್ನೊಂದು ಕೈ ಹಿಡಿದುಕೊಂಡು, ಅನುಭವಸ್ಥಳಂತೆ ಹೇಳಿದಳು. “ಉಸಿರು ಬಿಡು ತಾತ. ಬಿಗಿ ಹಿಡಿದ್ರೆ ಜಾಸ್ತಿ ನೋಯ್ತದೆ.”

ಯಂತ್ರ ಮುನ್ನೂರಾ ಎಪ್ಪತ್ತೆಂಟು ಎಂದು ತೋರಿಸಿತು.

“ಇದು ಕರಟದ್ದಲ್ಲ,” ಎಂದರು ಡಾಕ್ಟರು. “ನಾನು ಮಕ್ಕಳ ಡಾಕ್ಟರು. ಎದುರು ಬೀದಿಯಲ್ಲಿ ದೊಡ್ಡವರ ಡಾಕ್ಟರಿದ್ದಾರೆ, ಚೀಟಿ ಕೊಡ್ತೀನಿ, ಇವತ್ತೇ ಹೋಗಿ. ಇನ್ನೊಂದಾರು ತಿಂಗಳು ಹಿಂಗೇ ಇದ್ದಿದ್ರೆ ಕಾಲೋ ಕಣ್ಣೋ ಹೋಗ್ತಿತ್ತು.” ಆಮೇಲೆ ಗಾನವಿಯ ಕಡೆ ನೋಡಿ, “ನಿಮ್ಮ ಮೊಮ್ಮಗಳಿಗೆ ಬೈಯೋದಾ ಏನು ಮಾಡೋದಾ ನಂಗೇ ಗೊತ್ತಾಗ್ತಿಲ್ಲ,” ಎಂದರು.

ಭವ್ಯಶ್ರೀ ಮಾವನನ್ನು ಎದುರು ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ಸಾಲಿನಲ್ಲಿ ನಿಂತಳು, ಅವರು ಬರೆದುಕೊಟ್ಟ ಮಾತ್ರೆ ಕೊಂಡಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದಳು. ಆದರೆ ಮಾತಿಲ್ಲ. ಮನೆಗೆ ಬಂದು ಕ್ಯಾಲೆಂಡರಿನ ಮೂರೂ ‘ನಿಲ್’ಗಳ ಮೇಲೆ ಪೆನ್ನಿನಿಂದ ಗೀಟು ಎಳೆದಳು. ಗೀಟು ಎಷ್ಟು ಒತ್ತಿ ಎಳೆದಿದ್ದಳೆಂದರೆ ಮುಂದಿನ ತಿಂಗಳಿನ ಹಾಳೆಯ ಮೇಲೂ ಗುರುತು ಮೂಡಿತ್ತು.

ಶನಿವಾರ ಬಂದ ಮೋಹನ್ ಕುಮಾರ್ ಎಲ್ಲ ಕೇಳಿ, ಅಪ್ಪನ ಮುಖ ನೋಡಿ ಬೈಯಲೂ ಆಗದೆ, ಒಂದು ಇಟ್ಟಿಗೆ ಒಂದು ಬಾಣಲಿ ಸಿಮೆಂಟು ತಂದು ಬಚ್ಚಲ ಕಿಂಡಿ ಮುಚ್ಚಿದ. ಬೆಳಗಿನ ಲೋಟಕ್ಕೆ ಭವ್ಯಶ್ರೀ ಈಗ ಮಗಳ ಜೊತೆ ತಾನೂ ಒಳಗೆ ಹೋಗುತ್ತಿದ್ದಳು. “ನೀನು ನೋಡ್ತಿದ್ರೆ ಬರಾಕಿಲ್ಲ,” ಎಂದು ಗಾನವಿ ದೂರು ಹೇಳಿದರೆ, “ಬರೋವರೆಗೂ ಕಾಯ್ತೀನಿ,” ಎನ್ನುತ್ತಿದ್ದಳು.

ಹೊಂಬಾಳಮ್ಮ ಮಾಯಣ್ಣನ ಅಂಗಿಗಳ ಜೇಬುಗಳ ಬಾಯನ್ನೆಲ್ಲ ಹೊಲಿದು ಮುಚ್ಚಿಬಿಟ್ಟಳು. ಕಾಫಿಗೆ ಸಕ್ಕರೆ ನಿಂತಿತು. ಬೆಳಿಗ್ಗೆ ನಾಲೆಯ ಏರಿಯ ಮೇಲೆ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅವನು ನಡೆಯತೊಡಗಿದ. ಶಾಲೆಯಲ್ಲಿ ಸಿಡುಬಿನ ಥರದ ಅಮ್ಮ ಎದ್ದಿದೆಯೆಂದು, ಈ ಮಾತ್ರೆ ನುಂಗುವ ಮಕ್ಕಳಿಗೆ ಅದು ಅಪಾಯವೆಂದು ಗಾನವಿಯನ್ನು ಮನೆಯಲ್ಲೇ ಇಟ್ಟುಕೊಂಡಿದ್ದರು, ಅವಳೂ ಅವನ ಹಿಂದೆ ಹೊರಟಳು. ದಾರಿಯಲ್ಲಿ ಪುಟ್ಟಗಂಗಮ್ಮ ಕರೆದು ಟೀ ಕೊಟ್ಟರೆ, “ತಾತಂಗೆ ಸಕ್ರೆ ಐತೆ, ಕೊಡಂಗಿಲ್ಲ,” ಎಂದು ಅವನ ಲೋಟವನ್ನೂ ತಾನೇ ಕುಡಿಯುತ್ತಿದ್ದಳು.

ಸೊಸೆ ಮಾತ್ರ ಮಾತಾಡಲಿಲ್ಲ. ‘ಅತ್ತೆ, ಮಾವನಿಗೆ ಊಟಕ್ಕೆ ಬರೋಕೆ ಹೇಳಿ.’ ‘ಅತ್ತೆ, ಮಾವನ ಮಾತ್ರೆ ಮೇಜಿನ ಮೇಲಿದೆ.’ ಮಾಯಣ್ಣ ಎರಡು ಸಲ ಗಂಟಲು ಸರಿಮಾಡಿಕೊಂಡು ಅಡುಗೆಮನೆ ಬಾಗಿಲವರೆಗೆ ಹೋಗಿ ವಾಪಸು ಬಂದ. ಮೂರನೇ ಸಲ ಹೋಗಿ ಹೇಳಿಯೇಬಿಟ್ಟ. “ಅವತ್ತು ನೀನು ಗೋಡೆ ಕಡೆ ಮುಖ ಮಾಡಿ ಅಳ್ತಿದ್ಯಲ್ಲವ್ವ. ಅವತ್ತೇ ಹೇಳ್ಬೇಕು ಅಂತ ಬಾಯಿಗೆ ಬಂತು. ಹೇಳಾಕೆ ಧೈರ್ಯ ಆಗ್ಲಿಲ್ಲ.”

ಭವ್ಯಶ್ರೀ ಮುದ್ದೆ ತೊಳಸುತ್ತಿದ್ದಳು. ಕೋಲು ನಿಂತಿತು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೋಲು ಮತ್ತೆ ಆಡಿತು.

ಕ್ಯಾಲೆಂಡರಿನಲ್ಲಿ ಎರಡು ಪ್ಲಸ್ಸು ಒಂದಾಯಿತು. ಒಂದು ದಿನ ಹಸಿರಿನ ಬರೀ ಛಾಯೆ. ಗಾನವಿಯ ಪಾದದ ಊತ ಇಳಿದು ಕಾಲ್ಗೆಜ್ಜೆ ಸಡಿಲವಾಯಿತು. ಮೊದಲನೇ ನಿಜವಾದ ‘ನಿಲ್’ ಬಂದಾಗ ಭವ್ಯಶ್ರೀ ಯಾರಿಗೂ ಹೇಳಲಿಲ್ಲ, ಎರಡನೆಯದಕ್ಕೂ ಹೇಳಲಿಲ್ಲ. ಮೂರನೇ ದಿನ ಬೆಳಿಗ್ಗೆ ಮಾಯಣ್ಣ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅವಳು ಪಟ್ಟಿ, ಡಬ್ಬಿ ಎರಡನ್ನೂ ತಂದು ಅವನ ಎದುರು ಹಿಡಿದಳು.

“ಮಾವ, ನೀವೇ ನೋಡಿ ಹೇಳಿ. ನನ್ನ ಕಣ್ಣನ್ನ ನಾನೇ ನಂಬೋಕಾಗ್ತಿಲ್ಲ.”

ಮಾಯಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡು ಪಟ್ಟಿ ತೆಗೆದುಕೊಂಡ. ಹೊಸದಾಗಿ ಮಾಡಿಸಿದ ಕನ್ನಡಕ ಹಾಕಿಕೊಂಡ. ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ, ಡಬ್ಬಿಯ ಮೊದಲನೇ ಬಣ್ಣದ ಪಕ್ಕಕ್ಕೆ ಇಟ್ಟ. ಪಕ್ಕದ ಚೌಕವನ್ನೂ ಬಿಡದೆ ನೋಡಿದ.

“ಎರಡೂ ಸರಿಯಾಗೈತೆ ಕಣವ್ವ,” ಅಂದ. “ನಿಲ್.”

ಭವ್ಯಶ್ರೀ ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

ಡಾಕ್ಟರು ಫೋನಿನಲ್ಲಿ ಮೂರು ಸಲ ಕೇಳಿ, ಹುಡುಗಿಯದೇ ತಾನೇ ಎಂದು ಖಾತ್ರಿ ಮಾಡಿಕೊಂಡು, ನಾಳೆಯಿಂದ ಮಾತ್ರೆ ದಿನ ಬಿಟ್ಟು ದಿನ, ಉಪ್ಪು ಎಲ್ಲರ ಹಾಗೆ ಎಂದರು. ಮಧ್ಯಾಹ್ನ ಹೊಂಬಾಳಮ್ಮ ಸೊಪ್ಪಿನ ಸಾರು ಮಾಡಿದಳು. ಈಗ ಒಂದೇ ಪಾತ್ರೆ. ಎಲ್ಲರೂ ಒಟ್ಟಿಗೆ ಕೂತರು. ಗಾನವಿ ದೊಡ್ಡದೊಂದು ತುತ್ತು ಕಟ್ಟಿ, ಕಣ್ಣು ಮುಚ್ಚಿಕೊಂಡು ಬಾಯಿಗಿಟ್ಟಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಮುಖ ಮೆಲ್ಲಗೆ ಕಿವುಚಿಕೊಂಡಿತು.

“ಅಜ್ಜೀ, ಉಪ್ಪು ಜಾಸ್ತಿ.”

“ನಾನು ದಿನಾ ಹಾಕೋವಷ್ಟೇ ಕಣೇ ಹಾಕಿರೋದು,” ಎಂದು ಹೊಂಬಾಳಮ್ಮ ಸೊಸೆಯ ಕಡೆ ನೋಡಿದಳು. ಭವ್ಯಶ್ರೀ ತಾನೂ ಒಂದು ತುತ್ತು ಉಂಡು, ನೀರಿನ ಚೊಂಬಿಗೆ ಕೈಚಾಚಿ, ಹೌದು ಎನ್ನುವಂತೆ ತಲೆಯಾಡಿಸಿದಳು. ಮಾಯಣ್ಣ ತಲೆ ತಗ್ಗಿಸಿ ನಗು ನುಂಗಿಕೊಂಡ. ಗಾನವಿ ಉಪ್ಪು ಜಾಸ್ತಿ ಉಪ್ಪು ಜಾಸ್ತಿ ಎಂದು ಗೊಣಗುತ್ತಲೇ ಎರಡನೇ ಮುದ್ದೆಗೆ ತಟ್ಟೆ ಮುಂದೆ ಮಾಡಿದಳು.